ಪತ್ತನಾಜೆಗೆ ಮೊದಲು: ಅಡಿಕೆ ಗೋದಾಮಿನ ಮಾಡು ರಿಪೇರಿ, ಲೆಕ್ಕ ಸಮೇತ

ಕಟ್ಟಡ ಇರುವುದು ಪುತ್ತೂರಿನ ಹತ್ತಿರ. ಮಾಲೀಕರು ನಮ್ಮ ದೊಡ್ಡಪ್ಪ, ಉಸ್ತುವಾರಿ ನನ್ನದು. ರಸ್ತೆ ಬದಿಗೆ ಎರಡು ಅಂತಸ್ತಿನ ಆರ್‌ಸಿಸಿ ಕಟ್ಟಡ, ಕೆಳಗೆ ಅಂಗಡಿಗಳು, ಮೇಲೆ ಆಫೀಸುಗಳು. ಅದರ ತಾರಸಿ 2,400 ಚದರ ಅಡಿ. ಅದರ ಬೆನ್ನಿಗೆ ಅಂಟಿಕೊಂಡು 100 ಅಡಿ ಉದ್ದ, 60 ಅಡಿ ಅಗಲದ ಗೋದಾಮು. ಎರಡು ಇಳಿಜಾರಿನ ಮಾಡು (ಛಾವಣಿ), 2011ರಲ್ಲಿ ಹಾಕಿದ ಬಣ್ಣದ ತಗಡು ಶೀಟು. ಪಕ್ಕದಲ್ಲಿ ಇನ್ನೊಂದು 1,500 ಚದರ ಅಡಿಯ ಹಳೇ ಶೆಡ್ಡು, ಅದಕ್ಕೆ ಸಿಮೆಂಟ್ ಶೀಟು. ಒಟ್ಟು 9,900 ಚದರ ಅಡಿ ಮಾಡು.

ಗೋದಾಮಿನಲ್ಲಿ ಇರುವುದು ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ. ಒಂದು ಮೂಟೆ 65 ಕಿಲೋ, ಕಿಲೋಗೆ 400 ರೂಪಾಯಿ ಅಂತ ಹಿಡಿದರೂ ಮೂಟೆಗೆ 26,000. ಒಂದು ರಾತ್ರಿ ನೀರು ಕುಡಿದರೆ ಬೂಷ್ಟು ಹಿಡಿಯುತ್ತದೆ, ಆಮೇಲೆ ದರ ಕೇಳುವುದೇ ಬೇಡ. ಆದರೂ ನಮ್ಮಲ್ಲಿ ಮಾಡಿಗೆ ಅಂತ ಪ್ರತ್ಯೇಕ ದುಡ್ಡು ಎತ್ತಿಡುವ ಪದ್ಧತಿ ಇರಲಿಲ್ಲ. ಸೋರಿದಾಗ ಒಬ್ಬರನ್ನು ಕರೆಯುವುದು, ಅವರು ಟಾರು ಬಳಿದು ಹೋಗುವುದು, ಮುಂದಿನ ಜುಲೈಗೆ ಮತ್ತೆ ಅದೇ ಕಥೆ. ಈ ಸಲ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಇದನ್ನೊಂದು ಪ್ರಾಜೆಕ್ಟ್ ಥರ ನಡೆಸಿದೆ. ಅದರ ಟಿಪ್ಪಣಿ ಇದು. ದರಗಳೆಲ್ಲ ನಮ್ಮ ಕಡೆ ನನಗೆ ಸಿಕ್ಕಿದ ದರಗಳು. ನಿಮ್ಮ ಊರಲ್ಲಿ ಹೆಚ್ಚು ಕಮ್ಮಿ ಇರಬಹುದು.

ಜುಲೈ: ಒಳಗಿನಿಂದ ನೋಡುವುದು

ಮಾಡು ನೋಡಲು ಎಲ್ಲರೂ ಏಪ್ರಿಲ್‌ನಲ್ಲಿ ಏಣಿ ಹಾಕುತ್ತಾರೆ. ಬಿಸಿಲಲ್ಲಿ ಒಣಗಿದ ಶೀಟು ಏನು ಹೇಳುತ್ತದೆ? ಸೋರಿಕೆ ಪತ್ತೆ ಮಾಡಬೇಕಾದ್ದು ಸೋರುವಾಗಲೇ, ಅದೂ ಕೆಳಗೆ ನಿಂತು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಅದರ ದೊಡ್ಡ ಪಾಲು ಬೀಳುವುದು ಜೂನ್, ಜುಲೈ, ಆಗಸ್ಟ್‌ನಲ್ಲಿ. ಪುಕ್ಕಟೆ ಸಿಗುವ ಪರೀಕ್ಷೆ ಅದು.

ಗೋದಾಮಿನ ಒಳಗೆ ಟ್ರಸ್‌ಗಳಿಗೆ, ಅಂದರೆ ಮಾಡು ಹೊರುವ ಚೌಕಟ್ಟುಗಳಿಗೆ, 1, 2, 3 ಅಂತ ನಂಬರ್ ಬರೆದೆ. ಅವುಗಳ ಮೇಲೆ ಅಡ್ಡ ಹಾಯುವ, ಶೀಟು ಕೂರುವ ಪರ್ಲಿನ್‌ಗಳಿಗೆ ಎ, ಬಿ, ಸಿ. ನೀರು ಬಿದ್ದ ಜಾಗಕ್ಕೆಲ್ಲ ನೆಲದಲ್ಲಿ ಆಯಿಲ್ ಪೇಂಟಿನ ಗುರುತು. ಪುಸ್ತಕದಲ್ಲಿ ‘3-ಸಿ, ಜೋರು ಮಳೆಗೆ ಮಾತ್ರ’, ‘5-ಎ, ಗಾಳಿ ಇದ್ದರೆ’ ಅಂತ ಬರೆಯುತ್ತಾ ಹೋದೆ. ಈ ‘ಯಾವಾಗ’ ಅನ್ನುವುದು ಬಹಳ ಮುಖ್ಯ. ಸಣ್ಣ ಮಳೆಗೂ ಹನಿಕಿದರೆ ತೂತು ಇದೆ ಅಂತ ಅರ್ಥ. ಜೋರು ಮಳೆಗೆ ಮಾತ್ರ ಬಂದರೆ ನೀರು ಎಲ್ಲೋ ತುಂಬಿ ಉಕ್ಕುತ್ತಿದೆ. ಗಾಳಿ ಇದ್ದಾಗ ಮಾತ್ರ ಬಂದರೆ ಮೇಲಿನ ರಿಡ್ಜ್ (ಎರಡು ಇಳಿಜಾರು ಸೇರುವ ನೆತ್ತಿ) ಅಥವಾ ಶೀಟಿನ ಜೋಡಣೆ ನೋಡಬೇಕು.

ಇನ್ನೊಂದು ವಿಷಯ. ಹನಿ ಬೀಳುವ ಜಾಗದ ನೇರ ಮೇಲೆಯೇ ತೂತು ಇರಬೇಕಾಗಿಲ್ಲ. ನೀರು ಶೀಟಿನ ಅಡಿಗೆ ಅಂಟಿಕೊಂಡು ಇಳಿಯುತ್ತದೆ, ಪರ್ಲಿನ್ ಸಿಕ್ಕಿದಲ್ಲಿ ತಿರುಗುತ್ತದೆ, ಎಲ್ಲೋ ಒಂದು ಕಡೆ ತೊಟ್ಟಿಕ್ಕುತ್ತದೆ. 3-ಸಿ ಹನಿಯ ಮೂಲ ಸಿಕ್ಕಿದ್ದು ಅಲ್ಲಿಂದ ಹನ್ನೆರಡು ಅಡಿ ಮೇಲೆ. ಮಳೆ ನಿಂತ ಮೇಲೆ ಅದನ್ನು ಪೈಪಿನ ನೀರು ಬಿಟ್ಟು ಹುಡುಕಿದೆವು. ಕ್ರಮ ಇಷ್ಟೇ: ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಹತ್ತು ನಿಮಿಷ ನೀರು ಬಿಟ್ಟು, ನಿಧಾನ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತಲೆನೋವು ಮುಂದಿನ ಕಟ್ಟಡದ ಹಿಂಗೋಡೆ. ಮೇಲಿನ ಆಫೀಸಿನವರ ಗೋಡೆಯಲ್ಲಿ ಉದ್ದಕ್ಕೂ ತೇವ, ಪೇಂಟ್ ಹೊಪ್ಪಳೆ ಎದ್ದಿತ್ತು. ಬಂದವರೆಲ್ಲ “ತಾರಸಿ ಸೋರುತ್ತಿದೆ, ವಾಟರ್‌ಪ್ರೂಫಿಂಗ್ ಮಾಡಿಸಿ” ಅಂದರು. ಜೋರು ಮಳೆ ಬರುವಾಗ ಕಿಟಕಿಯಲ್ಲಿ ಬಗ್ಗಿ ನೋಡಿದರೆ ಬೇರೆಯೇ ದೃಶ್ಯ. ಗೋದಾಮಿನ ಮಾಡಿಗೂ ಈ ಗೋಡೆಗೂ ನಡುವೆ ಇರುವ ಗಟರ್ (ಮಾಡಿನ ನೀರು ಹರಿಯುವ ದೋಣಿ) ತುಂಬಿ, ನೀರು ಗೋಡೆಗೇ ಬಡಿಯುತ್ತಿತ್ತು.

ಗಟರ್ ಲೆಕ್ಕ

ಗೋದಾಮಿನ ಅರ್ಧ ಮಾಡಿನ ನೀರು ಪೂರಾ ಈ ಗಟರಿಗೇ ಬರುತ್ತದೆ. 3,000 ಚದರ ಅಡಿ, ಅಂದರೆ ಸುಮಾರು 280 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಗಂಟೆಗೆ 100 ಮಿ.ಮೀ. ವೇಗದಲ್ಲಿ ಹೊಯ್ದರೆ ಗಂಟೆಗೆ 28,000 ಲೀಟರ್. ಅದು ಗಂಟೆಗಟ್ಟಲೆ ಹಾಗೆ ಹೊಯ್ಯಬೇಕಾಗಿಲ್ಲ, ಹತ್ತು ನಿಮಿಷ ಸಾಕು ಗಟರ್ ಉಕ್ಕಲು.

ಇಷ್ಟು ನೀರಿಗೆ ಇದ್ದದ್ದು ನಾಲ್ಕು ಇಂಚಿನ ಎರಡೇ ಪೈಪು. ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿ ಇದಕ್ಕೊಂದು ಕೋಷ್ಟಕ ಇದೆ. ಗಂಟೆಗೆ 100 ಮಿ.ಮೀ. ಮಳೆಗೆ ನಾಲ್ಕು ಇಂಚಿನ ಒಂದು ಪೈಪು ಸುಮಾರು 43 ಚದರ ಮೀಟರ್ ಮಾಡಿನ ನೀರನ್ನು ಮಾತ್ರ ಸುಧಾರಿಸುತ್ತದೆ. ಎರಡಕ್ಕೆ 86. ನಮಗೆ ಬೇಕಾದ್ದು 280. ಆರು ಇಂಚಿನ ಪೈಪು ಅದೇ ಮಳೆಗೆ ಸುಮಾರು 125 ಚದರ ಮೀಟರ್ ಸುಧಾರಿಸುತ್ತದೆ. ಅಂಥದ್ದು ಎರಡು ಸೇರಿಸಿದರೆ ಒಟ್ಟು 336. ಲೆಕ್ಕ ಸರಿಹೋಯಿತು.

ಅದರ ಮೇಲೆ ಹಲಸಿನ ಎಲೆ. ಪಕ್ಕದ ಜಾಗದ ಹಲಸಿನ ಕೊಂಬೆ ನಮ್ಮ ಮಾಡಿನ ಮೇಲೆ ಬಾಗಿತ್ತು. ಆ ಎಲೆ ನಾಲ್ಕು ಇಂಚಿನ ಬಾಯಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ. ಎರಡು ಎಲೆ ಬಂದರೆ ಒಂದು ಪೈಪು ಬಂದ್. ಕೊಂಬೆ ಕಡಿಸಲು ಪಕ್ಕದ ಮನೆಯವರನ್ನು ಒಪ್ಪಿಸಿದ್ದೇ ಇಡೀ ಪ್ರಾಜೆಕ್ಟಿನ ಅತಿ ಅಗ್ಗದ ಕೆಲಸ. ಕಡಿಯುವವನ ಕೂಲಿ ನಮ್ಮದು, ಹಲಸಿನಕಾಯಿ ಅವರದ್ದು.

ಅಕ್ಟೋಬರ್: ಮೇಲೆ ಹತ್ತಿದ್ದು

ಮಳೆ ಹಿಂದೆ ಸರಿದ ಮೇಲೆ ಮೇಸ್ತ್ರಿಯನ್ನು ಕರೆದುಕೊಂಡು ಮೇಲೆ ಹತ್ತಿದೆವು. ಮೊದಲೇ ಹೇಳಿಬಿಡುತ್ತೇನೆ, ಸಿಮೆಂಟ್ ಶೀಟಿನ ಮೇಲೆ ಯಾರೂ ಕಾಲಿಡಬಾರದು. ನೋಡಲು ಗಟ್ಟಿ ಇರುತ್ತದೆ, ಹಳೆಯದಾದರೆ ಒಂದು ಹೆಜ್ಜೆಗೆ ಒಡೆದು ಮನುಷ್ಯ ಸೀದಾ ಕೆಳಗೆ. ಫೈಬರ್ ಬೆಳಕಿಂಡಿ ಶೀಟಿನ ಕತೆಯೂ ಅದೇ. ಹಲಗೆ ಹಾಸಿ, ಸೊಂಟಕ್ಕೆ ಹಗ್ಗ ಕಟ್ಟಿ ಹತ್ತಬೇಕು. ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಪಾಚಿ ತೆಗೆಯಲು ಒಣ ಶೀಟನ್ನು ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಾಗಿ ಆ ಭಾಗವನ್ನು ಈ ವರ್ಷ ಮುಟ್ಟದೆ, ಒಳಗಿನ ಸಾಮಾನು ಬೇರೆ ಕಡೆಗೆ ಸಾಗಿಸಿದೆವು.

ತಗಡು ಶೀಟಿನ ಕಡೆ ಬಂದರೆ, ಶೀಟು ಚೆನ್ನಾಗಿಯೇ ಇತ್ತು. ಬಣ್ಣ ಮಾಸಿದೆ, ಅಷ್ಟೇ. ಕೆಟ್ಟದ್ದು ಸ್ಕ್ರೂ. ಮೇಸ್ತ್ರಿ ಒಂದನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದರು. ತಲೆಯ ಅಡಿಗೆ ಇರಬೇಕಾದ ಕಪ್ಪು ರಬ್ಬರ್ ವಾಷರ್ ಬೆರಳು ತಾಗಿದ್ದೇ ಪುಡಿಪುಡಿ. ಶೀಟಿನಲ್ಲಿ ತೂತು ದುಂಡಗೆ ಉಳಿದಿರಲಿಲ್ಲ, ಇಳಿಜಾರಿನ ದಿಕ್ಕಿಗೆ ಉದ್ದ ಆಗಿತ್ತು. ಸುತ್ತ ತುಕ್ಕಿನ ಬಳೆ.

“ಶೀಟು ಎಳೆಯುತ್ತದೆ ಮಾರಾಯ್ರೆ, ದಿನಾ ಎಳೆಯುತ್ತದೆ,” ಅಂದರು.

ಅದು ನಿಜ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಗೆ 0.012 ಮಿ.ಮೀ. ಹಿಗ್ಗುತ್ತದೆ. ನಮ್ಮ ಶೀಟಿನ ಉದ್ದ ಒಂಬತ್ತು ಮೀಟರ್. ಬೆಳಗ್ಗೆ 22 ಡಿಗ್ರಿ ಇದ್ದದ್ದು ಬೇಸಿಗೆ ಮಧ್ಯಾಹ್ನ ಬಿಸಿಲಿಗೆ 65ರ ಹತ್ತಿರ ಹೋದರೆ ನಾಲ್ಕೂವರೆ ಮಿ.ಮೀ. ಉದ್ದ ಆಯಿತು. ಸಂಜೆ ಮತ್ತೆ ಕುಗ್ಗಿತು. 2011ರಿಂದ ದಿನಾ ಇದೇ. ಸ್ಕ್ರೂ ಅಲ್ಲಾಡದೆ ಇರುತ್ತದಾ?

ತಾರಸಿಯಲ್ಲಿ ಪ್ಯಾರಪೆಟ್ (ಅಂಚಿನ ಗಿಡ್ಡ ಗೋಡೆ) ಬುಡದ ಬಿರುಕಲ್ಲಿ ಒಂದು ಅಶ್ವತ್ಥದ ಗಿಡ ಬೆಳೆದಿತ್ತು. ಬಾಡಿಗೆದಾರರು ಫ್ಲೆಕ್ಸ್ ಬೋರ್ಡ್ ನಿಲ್ಲಿಸಲು ಕೊರೆದ ಬೋಲ್ಟಿನ ತೂತುಗಳು ಬೇರೆ, ಬೋರ್ಡು ಹೋಗಿ ವರ್ಷ ಆದರೂ ತೂತು ಹಾಗೇ ಬಾಯಿ ಬಿಟ್ಟಿದ್ದವು. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿಯುತ್ತಾ ಹೋದಾಗ ಒಂದು ಮೂಲೆಯಲ್ಲಿ ಟೊಳ್ಳು ಸದ್ದು. ಅಲ್ಲಿ ಮೇಲಿನ ಗಾರೆ ಸ್ಲ್ಯಾಬಿನಿಂದ ಬಿಟ್ಟುಕೊಂಡಿದೆ ಅಂತ ಲೆಕ್ಕ. ಅಲ್ಲಿಗೆ ಸುಣ್ಣದ ಗೆರೆ ಎಳೆದೆವು.

ನವೆಂಬರ್: ಕೊಟೇಶನ್

ಮೂರು ಕಡೆ ದರ ಕೇಳಿದೆ. ಒಬ್ಬರು “ಶೀಟು ಪೂರಾ ಬದಲಿಸಿ” ಅಂದರು, ಚದರ ಅಡಿಗೆ 95ರಂತೆ 5,70,000. ಇನ್ನೊಬ್ಬರು ಶೀಟಿನ ಮೇಲೆಲ್ಲ ರಬ್ಬರ್ ಕೋಟಿಂಗ್ ಬಳಿಯುತ್ತೇನೆ ಅಂದರು, ಅಡಿಗೆ 28ರಂತೆ 1,68,000, ಹತ್ತು ವರ್ಷ ಗ್ಯಾರಂಟಿ. ಗ್ಯಾರಂಟಿ ಕಾಗದ ಓದಿದೆ. ನೀರು ನಿಂತ ಜಾಗಕ್ಕೆ ಅನ್ವಯಿಸದು, ಶೀಟಿನ ಚಲನೆಗೆ ಅನ್ವಯಿಸದು, ಸ್ಕ್ರೂ ಸಡಿಲವಾದರೆ ಅನ್ವಯಿಸದು. ಸೋರುವುದೇ ಈ ಮೂರರಿಂದ ಅಲ್ವಾ? ಮೂರನೆಯವರು ಬಂದು ನನ್ನ ಸೋರಿಕೆ ನಕ್ಷೆ ನೋಡಿ, ಕೆಲಸವಾರು ಬಿಡಿಬಿಡಿ ದರ ಬರೆದು ಕೊಟ್ಟರು. ಅವರಿಗೆ ಕೆಲಸ ಕೊಟ್ಟೆ.

ನನ್ನ ಅಭಿಪ್ರಾಯ ಕೇಳಿದರೆ, ನಕ್ಷೆ ಇಲ್ಲದೆ ಕೊಟೇಶನ್ ಕೇಳಲೇಬಾರದು. ಬರುವವರು ತಾವು ಮಾರುವ ಸಾಮಾನನ್ನೇ ಮದ್ದು ಅನ್ನುತ್ತಾರೆ. ಅವರ ತಪ್ಪೂ ಅಲ್ಲ, ನಾವು ಕೇಳಿದ್ದೇ “ಸೋರುತ್ತಿದೆ, ಎಷ್ಟಾಗುತ್ತದೆ” ಅಂತ.

ಕೊನೆಗೆ ನಿಂತ ಬಜೆಟ್ ಹೀಗಿತ್ತು. ಹೊಸ ಗಟರ್ 100 ಅಡಿಗೆ 45,000. ಆರು ಇಂಚಿನ ಎರಡು ಪೈಪು, ಫಿಟ್ಟಿಂಗ್ ಸೇರಿ 14,000. ಗಟರಿಗೂ ಗೋಡೆಗೂ ನಡುವೆ ತಗಡಿನ ಫ್ಲ್ಯಾಶಿಂಗ್ (ಸಂದಿ ಮುಚ್ಚುವ ಪಟ್ಟಿ) 11,000. ಇಡೀ ಮಾಡಿನ ಸ್ಕ್ರೂ ಬದಲಿಸಲು ಸುಮಾರು 2,200 ಸ್ಕ್ರೂ, ಒಂದಕ್ಕೆ 8 ರೂಪಾಯಿ, ಕೂಲಿ ಸೇರಿ 35,000. ಬೆಳಕಿಂಡಿ ಶೀಟು ಬದಲಿಸಲು 16,000. ತಾರಸಿಯ ಬಿರುಕು, ಟೊಳ್ಳು ರಿಪೇರಿ 22,000, ಮೇಲಿನ ಕೋಟಿಂಗ್ 91,000. ಹಗ್ಗ, ಬೆಲ್ಟು, ಹಲಗೆಗೆ 12,000. ಒಟ್ಟು 2,46,000. ತಾರಸಿ ಕೆಲಸದವರು ಬಿಲ್ ಕೊಡುವವರು, ಅವರ ಪಾಲಿಗೆ 18 ಪರ್ಸೆಂಟ್ ಜಿಎಸ್‌ಟಿ 20,340. ಮೇಲೆ ಅನಿರೀಕ್ಷಿತಕ್ಕೆ ಅಂತ ಹತ್ತು ಪರ್ಸೆಂಟ್, 24,600. ಎಲ್ಲ ಸೇರಿ 2,90,940.

ದೊಡ್ಡಪ್ಪ ಆ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರು. “ಮೂರು ಲಕ್ಷ! ಇದರಲ್ಲಿ ಹಗ್ಗಕ್ಕೆ ಹನ್ನೆರಡು ಸಾವಿರ ಎಂತಕ್ಕೆ ಮಾರಾಯ?”

“ಮೇಲಿಂದ ಯಾರಾದರೂ ಬಿದ್ದರೆ ಆಸ್ಪತ್ರೆ ಬಿಲ್ಲು ಇದಕ್ಕಿಂತ ಜಾಸ್ತಿ ದೊಡ್ಡಪ್ಪ,” ಅಂದೆ. ಆ ಸಾಲನ್ನು ಅವರು ಮತ್ತೆ ಕೇಳಲಿಲ್ಲ.

ವರ್ಷದ ಲೆಕ್ಕ

ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರಿಸುವುದು ಇಷ್ಟು ಸುಲಭ ಇರಲಿಲ್ಲ. “ಈ ಸಲ ಹಾಕಿದರೆ ಮತ್ತೆ ಎಷ್ಟು ವರ್ಷ ನಿಶ್ಚಿಂತೆ?”

ಮಾಡಿನ ಒಂದೊಂದು ಭಾಗಕ್ಕೆ ಒಂದೊಂದು ಆಯುಷ್ಯ. ತಾರಸಿಯ ರಿಪೇರಿ, ಕೋಟಿಂಗ್ ಸೇರಿ ಐದು ವರ್ಷ ಅಂತ ಹಿಡಿದೆ: 1,13,000ವನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 22,600. ಸ್ಕ್ರೂ ಹತ್ತು ವರ್ಷ, 3,500. ಗಟರ್, ಪೈಪು, ಫ್ಲ್ಯಾಶಿಂಗ್ ಹನ್ನೆರಡು ವರ್ಷ, ಸುಮಾರು 5,800. ತಗಡು ಶೀಟು ಇನ್ನೂ ಎಂಟು ವರ್ಷ ಬರಬಹುದು, ಆಮೇಲೆ ಬದಲಿಸಲು ಇವತ್ತಿನ ದರದಲ್ಲೇ 5,70,000, ವರ್ಷಕ್ಕೆ 71,250. ಸಿಮೆಂಟ್ ಶೀಟಿನ ಶೆಡ್ಡು ಮೂರು ವರ್ಷದೊಳಗೆ ಬದಲಿಸಲೇಬೇಕು, 1,65,000, ಅಂದರೆ ವರ್ಷಕ್ಕೆ 55,000. ಎರಡು ಸಲ ಕ್ಲೀನಿಂಗ್ 12,000.

ಕೂಡಿದರೆ 1,70,150. ಚದರ ಅಡಿಗೆ ವರ್ಷಕ್ಕೆ 17 ರೂಪಾಯಿ ಚಿಲ್ಲರೆ. ತಿಂಗಳಿಗೆ 14,180. ಇದನ್ನು ಬಾಡಿಗೆ ಬರುವ ದಿನವೇ ಬೇರೆ ಖಾತೆಗೆ ಹಾಕುವುದು ಅಂತ ಆಯಿತು. ಶೀಟಿನ ಬೆಲೆ ಏರಿಳಿಯುತ್ತದೆ, ಹಾಗಾಗಿ ಪ್ರತಿ ಡಿಸೆಂಬರ್‌ಗೆ ಹೊಸ ದರ ಕೇಳಿ ಈ ಲೆಕ್ಕ ತಿದ್ದಬೇಕು. ಮೊದಲ ಎಂಟು ವರ್ಷ ಇದು ಭಾರ ಅನ್ನಿಸುತ್ತದೆ, ಯಾಕೆಂದರೆ 2011ರಿಂದ ಕೂಡಿಡದೇ ಇದ್ದ ದುಡ್ಡನ್ನೂ ಈಗ ಸೇರಿಸಿ ಕೂಡಿಡುತ್ತಿದ್ದೇವೆ.

ಇಲ್ಲೊಂದು ಮಾತು. ಬಾಡಿಗೆ ಆದಾಯದ ಮೇಲೆ ಇನ್‌ಕಮ್ ಟ್ಯಾಕ್ಸ್ ಲೆಕ್ಕ ಹಾಕುವಾಗ, ಸ್ಥಳೀಯ ಕಟ್ಟಡ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 30 ಕಡಿತ ಸಿಗುತ್ತದೆ. ನೀವು ರಿಪೇರಿ ಮಾಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆ ಕಡಿತವನ್ನು ಎಲ್ಲರೂ ಪಡೆಯುತ್ತಾರೆ, ಅದರಲ್ಲಿ ಒಂದಿಷ್ಟನ್ನಾದರೂ ಮಾಡಿಗೆ ಎತ್ತಿಡುವವರನ್ನು ನಾನು ನೋಡಿಲ್ಲ. ದೊಡ್ಡಪ್ಪನಿಗೆ ಒಪ್ಪಿಗೆಯಾದದ್ದೂ ಈ ಮಾತಿಗೇ.

ಫೆಬ್ರವರಿಯಿಂದ ಏಪ್ರಿಲ್: ಕೆಲಸ

ನಮ್ಮ ಕಡೆ ಮಾಡಿನ ಕೆಲಸಕ್ಕೆಲ್ಲ ಪತ್ತನಾಜೆಯೇ ಗಡುವು. ಮೇ 24ರ ಹೊತ್ತಿಗೆ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದು ಹತ್ತು ಹನಿಯಾದರೂ ಮಳೆ ಬೀಳುತ್ತದೆ ಅಂತ ನಂಬಿಕೆ. ಆದರೆ 2025ರಲ್ಲಿ ಮೇ 24ಕ್ಕೇ ಮುಂಗಾರು ಕೇರಳಕ್ಕೆ ಕಾಲಿಟ್ಟಿತ್ತು. ಹಾಗಾಗಿ ಒಪ್ಪಂದದಲ್ಲಿ ಏಪ್ರಿಲ್ 30 ಅಂತ ಬರೆಸಿದೆ. ಮಾರ್ಚ್ ದಾಟಿದರೆ ಕೆಲಸದವರು ಸಿಗುವುದೂ ಕಷ್ಟ, ದರವೂ ಏರುತ್ತದೆ. ಎಲ್ಲರಿಗೂ ಮಾಡು ನೆನಪಾಗುವುದು ಆಗಲೇ.

ಮೊದಲು ಗಟರ್. ಹಳೆಯದನ್ನು ಕಿತ್ತಾಗ ಅದರಡಿಯ ಒಂದು ಪರ್ಲಿನ್ ತುಕ್ಕು ತಿಂದು ಕಾಗದದಷ್ಟೇ ಉಳಿದಿತ್ತು. ಅದನ್ನು ಬದಲಿಸಲು 6,500. ಫ್ಲ್ಯಾಶಿಂಗಿನ ಮೇಲಿನ ಅಂಚನ್ನು ಗೋಡೆಗೆ ಸುಮ್ನೆ ಅಂಟಿಸಿ ಸಿಲಿಕಾನ್ ಎಳೆಯುವುದು ಇಲ್ಲಿಯ ರೂಢಿ. ನಾವು ಗೋಡೆಯಲ್ಲಿ ಒಂದು ಇಂಚು ಆಳದ ಗೀರು ಕೊರೆದು, ತಗಡನ್ನು ಒಳಗೆ ಮಡಚಿ ಕೂರಿಸಿ ಗಾರೆ ತುಂಬಿದೆವು. ಸಿಲಿಕಾನ್ ಬಿಟ್ಟುಕೊಂಡರೂ ನೀರು ಒಳಗೆ ಹೋಗುವ ದಾರಿ ಇಲ್ಲ. ಅಂದ ಹಾಗೆ, ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕಾನ್ ತಗಡಿಗೆ ಹಾಕಬೇಡಿ. ಅದರ ಆಮ್ಲ ಸತುವಿನ ಲೇಪವನ್ನು ತಿನ್ನುತ್ತದೆ. ಅಂಗಡಿಯಲ್ಲಿ ‘ನ್ಯೂಟ್ರಲ್’ ಅಂತ ಕೇಳಿ ತನ್ನಿ.

ಗಟರಿನ ತುದಿಯಲ್ಲಿ, ಅಂಚಿಗಿಂತ ಎರಡು ಇಂಚು ಕೆಳಗೆ ಒಂದು ಓವರ್‌ಫ್ಲೋ ಬಾಯಿ ಇಟ್ಟೆವು. ಪೈಪು ಕಟ್ಟಿಕೊಂಡರೆ ನೀರು ಅಲ್ಲಿಂದ ಅಂಗಳಕ್ಕೆ ಧುಮುಕುತ್ತದೆ, ಗೋಡೆಗೆ ಬರುವುದಿಲ್ಲ. ಕೆಳಗೆ ನಿಂತವರಿಗೂ ಗೊತ್ತಾಗುತ್ತದೆ, ಮೇಲೆ ಏನೋ ಕಟ್ಟಿದೆ ಅಂತ.

ಸ್ಕ್ರೂ ಕೆಲಸ ನೋಡಲು ಸುಲಭ, ಮಾಡಲು ಬೇಜಾರು. ಹಳೇ ಸ್ಕ್ರೂ 5.5 ಮಿ.ಮೀ. ದಪ್ಪದ್ದು. ತೂತು ದೊಡ್ಡದಾಗಿರುವುದರಿಂದ ಅದೇ ಅಳತೆ ಹಾಕಿದರೆ ಹಿಡಿಯುವುದಿಲ್ಲ, 6.3 ಮಿ.ಮೀ. ಬೇಕು. ಬಿಗಿ ಎಷ್ಟು ಅನ್ನುವುದನ್ನು ಕಣ್ಣಲ್ಲೇ ನೋಡಬೇಕು. ರಬ್ಬರು ತಲೆಯ ಅಂಚಿಗೆ ಸರಿಯಾಗಿ ಬಂದು ನಿಂತರೆ ಸರಿ. ಹೊರಗೆ ಉಬ್ಬಿದರೆ ಜಾಸ್ತಿ ಆಯಿತು, ಎರಡು ಬೇಸಿಗೆಗೆ ಸೀಳುತ್ತದೆ. ಹುಡುಗರು ಡ್ರಿಲ್ಲನ್ನು ಪೂರ್ತಿ ವೇಗದಲ್ಲಿ ಒತ್ತುತ್ತಾರೆ, ಅದನ್ನು ಮೊದಲ ಸಾಲಿನಲ್ಲೇ ತಡೆಯಬೇಕು. ಸಂಜೆ ಇಳಿಯುವ ಮೊದಲು ಕಬ್ಬಿಣದ ಚೂರುಗಳನ್ನು ಮೆತ್ತನೆ ಪೊರಕೆಯಲ್ಲಿ ಗುಡಿಸಿದರು. ಬಿಟ್ಟರೆ ಒಂದೇ ಮಳೆಗೆ ಶೀಟಿನ ತುಂಬ ತುಕ್ಕಿನ ಚುಕ್ಕಿ.

ತಾರಸಿಯಲ್ಲಿ ಟೊಳ್ಳು ಭಾಗ ಸುಣ್ಣದ ಗೆರೆ ದಾಟಿ ಹೋಯಿತು. ಒಡೆದಷ್ಟೂ ಬಿಟ್ಟುಕೊಳ್ಳುತ್ತಾ ಹೋಗಿ, ರಿಪೇರಿ ಖರ್ಚು 14,000 ಹೆಚ್ಚಾಯಿತು. ಬಿರುಕುಗಳನ್ನು ವಿ ಆಕಾರಕ್ಕೆ ಕೊರೆದು ಪಾಲಿಮರ್ ಬೆರೆಸಿದ ಗಾರೆ ತುಂಬಿದರು, ಪ್ಯಾರಪೆಟ್ ಬುಡವನ್ನು ಗುಂಡಗೆ ತಿದ್ದಿದರು, ನೀರು ಹೋಗುವ ಬಾಯಿಯ ಕಡೆಗೆ ವಾಟ ಸರಿ ಮಾಡಿದರು. ಅಶ್ವತ್ಥದ ಬೇರು ಪೂರ್ತಿ ತೆಗೆಯಲು ಪ್ಯಾರಪೆಟ್ಟಿನ ಎರಡು ಸಾಲು ಕಲ್ಲು ಬಿಚ್ಚಬೇಕಾಯಿತು. ಮೇಲಿನಿಂದ ಕಡಿದರೆ ಅದು ಮತ್ತೆ ಚಿಗುರುತ್ತದೆ.

ಕೋಟಿಂಗಿಗೆ ಮೊದಲು ನೀರು ಕಟ್ಟಿ ನೋಡುವುದು ಅಂತ ನಾನು ಹಠ ಹಿಡಿದೆ. ಬಳಿದ ಮೇಲೆ ಸೋರಿದರೆ ಯಾವ ಬಿರುಕು ಅಂತ ಹೇಳಲು ಆಗುವುದಿಲ್ಲ. ಬಾಯಿಗಳಿಗೆ ಗೋಣಿ ತುರುಕಿ ಒಂದು ಇಂಚು ನೀರು ನಿಲ್ಲಿಸಿದೆವು, ಸುಮಾರು 5,600 ಲೀಟರ್, 48 ಗಂಟೆ. ಬಾವಿ ತಳ ಕಾಣುವ ಏಪ್ರಿಲ್ಲಿನಲ್ಲಿ ಟ್ಯಾಂಕರ್ ನೀರನ್ನು ತಾರಸಿಗೆ ಹೊಯ್ಯುವುದು ನೋಡಿ ಅಂಗಡಿಯವರು ನಕ್ಕರು. ಆ ನೀರು ಆಮೇಲೆ ದೊಡ್ಡಪ್ಪನ ತೋಟಕ್ಕೆ ಹೋಯಿತು ಅನ್ನಿ. ಒಂದು ಮೂಲೆಯಲ್ಲಿ, ಹಳೇ ಡಿಶ್ ಆಂಟೆನಾದ ಬೋಲ್ಟಿನ ಅಡಿಗೆ, ಸಣ್ಣ ತೇವ ಕಂಡಿತು. ಅದನ್ನು ಮುಚ್ಚಿ, ಒಣಗಿಸಿ, ಫೈಬರ್ ಜಾಲರಿ ಹಾಸಿ ಅಡ್ಡ ಒಂದು, ಉದ್ದ ಒಂದು ಕೋಟು ಬಳಿದರು.

ಜೂನ್, ಜುಲೈ

ಹೆಚ್ಚುವರಿ ರಿಪೇರಿ, ಅದರ ಜಿಎಸ್‌ಟಿ, ಪರ್ಲಿನ್ ಎಲ್ಲ ಸೇರಿ ಅನಿರೀಕ್ಷಿತದ 24,600ರಲ್ಲಿ 23,020 ಖರ್ಚಾಯಿತು. ಉಳಿದ 1,580 ಕೊನೆಯ ದಿನದ ಚಹಾ, ಗೋಳಿಬಜೆಗೆ ಹೋಯಿತು.

ಈ ಮಳೆಗಾಲದಲ್ಲಿ ಹಿಂಗೋಡೆ ಒಣಗಿಯೇ ಇದೆ. ಗೋದಾಮಿನಲ್ಲಿ ಉಳಿದದ್ದು 5-ಎ ಒಂದೇ, ಗಾಳಿ ಪಶ್ಚಿಮದಿಂದ ಬಂದರೆ ಎರಡು ಹನಿ. ರಿಡ್ಜಿನ ಅಡಿಯ ಫೋಮ್ ತುಂಡು ಕಳಚಿರಬೇಕು, ಅಕ್ಟೋಬರ್‌ಗೆ ನೋಡುವುದು ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಬಾಡಿಗೆ ಕರಾರಿಗೆ ಒಂದು ಸಾಲು ಸೇರಿಸಿದೆವು: ತಾರಸಿಯಲ್ಲಿ, ಪ್ಯಾರಪೆಟ್ಟಿನಲ್ಲಿ ಕೇಳದೆ ತೂತು ಕೊರೆಯುವಂತಿಲ್ಲ. ಅದನ್ನು ಓದಿ ಮೇಲಿನ ಆಫೀಸಿನವರು ಎಸಿ ಹಾಕಿಸಲು ಅನುಮತಿ ಕೇಳಿದ್ದಾರೆ. ಸ್ಟ್ಯಾಂಡನ್ನು ನೆಲಕ್ಕೆ ಬೋಲ್ಟ್ ಮಾಡದೆ ರಬ್ಬರ್ ಪ್ಯಾಡಿನ ಮೇಲೆ ಕೂರಿಸಿ, ಪೈಪನ್ನು ಕಿಟಕಿ ಪಕ್ಕದಿಂದ ಒಳಗೆ ತನ್ನಿ ಅಂದಿದ್ದೇನೆ.

ಮುಂದಿನದು ಸಿಮೆಂಟ್ ಶೀಟಿನ ಶೆಡ್ಡು. ಶೀಟುಗಳನ್ನು ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ಇಳಿಸುವ ತಂಡ ಬೇಕು. ಬಿಸಾಡಿ ಒಡೆಯುವವರು ಬೇಕಾದಷ್ಟು ಸಿಗುತ್ತಾರೆ. ಖಾತೆಯಲ್ಲಿ ದುಡ್ಡು ಸೇರುತ್ತಿದೆ, ದರ ಕೇಳಲು ನವೆಂಬರ್ ಬರಲಿ.